ಕೈ ಎಲ್ಲಿಡಬೇಕು, ಯಾವಾಗ ತೆಗೆಯಬೇಕು

ಔಷಧ ಕೊಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ, ರೋಗಿಯನ್ನು ಮಲಗಿಸಿದ ಮೇಲೆ ‘ನಿಮ್ಮ ಕೈ ಹಿಡಿಯಲಾ?’ ಎಂದು ಮೊದಲ ಸಲ ಕೇಳಿದರೆ ಆ ಪ್ರಶ್ನೆಗೆ ಬೆಲೆಯಿಲ್ಲ. ಆಗ ಬರುವ ‘ಹೂಂ’ ರೋಗಿಯದ್ದೋ ಔಷಧದ್ದೋ ಹೇಳಲಾಗದು. ಕೆಲವು ಗಂಟೆ ಅರಿವನ್ನೇ ಬದಲಿಸುವ ಸೈಲೋಸೈಬಿನ್ (ಕೆಲವು ಅಣಬೆಗಳಲ್ಲಿರುವುದು), ಕೆಟಮಿನ್‌ನಂಥ ಔಷಧಗಳ ಜೊತೆ ನಡೆಯುವ ಖಿನ್ನತೆಯ ಚಿಕಿತ್ಸೆಯಲ್ಲಿ ಸ್ಪರ್ಶದ ಕೆಲಸ ಮುಕ್ಕಾಲು ಪಾಲು ಔಷಧಕ್ಕೆ ಮುಂಚೆಯೇ ಮುಗಿದಿರಬೇಕು. ಉಳಿದ ಕಾಲು ಪಾಲು ಕೈಯನ್ನು ಅಲುಗಾಡಿಸದೆ ಇಡಲು ಕಲಿಯುವುದು. ಉತ್ತರ ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಈ ಎರಡನೆಯದು ಇನ್ನೂ ಕಷ್ಟ. ಮೈ ಸರಿಯಿಲ್ಲದವರನ್ನು ಕಂಡರೆ ನಮ್ಮ ಕೈ ತಾನಾಗಿಯೇ ಓಡುತ್ತದೆ. ಹಣೆಗೆ ಬಾಮ್ ತಿಕ್ಕುತ್ತೇವೆ, ಕಾಲು ಒತ್ತುತ್ತೇವೆ, ಬೆನ್ನು ಸವರುತ್ತೇವೆ, ಎಣ್ಣೆ ಹಚ್ಚಿ ನೀವುತ್ತೇವೆ. ಕೈಯನ್ನು ಸುಮ್ಮನೆ ಇಟ್ಟು ಕೂರುವ ರೂಢಿ ನಮಗಿಲ್ಲ.

ಮೊದಲು ಕಾನೂನಿನ ಮಾತು ಹೇಳಿಬಿಡಬೇಕು. ಸೈಲೋಸೈಬಿನ್ ನಮ್ಮ ದೇಶದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕವಸ್ತು ತಡೆ ಕಾನೂನಿನ, ಪಟ್ಟಿಯಲ್ಲಿದೆ. ಖಿನ್ನತೆಗೆಂದು ಯಾವ ವೈದ್ಯರೂ ಅದನ್ನು ಬರೆದುಕೊಡುವಂತಿಲ್ಲ. ಗೋಕರ್ಣದ ಕಡಲತಡಿಯಲ್ಲಿ ಯಾರಾದರೂ ಅಣಬೆ ತೋರಿಸಿ ‘ಇದೇ ಆ ಔಷಧ’ ಎಂದರೆ ನಂಬಬೇಡಿ. ಜೊತೆಯಲ್ಲಿ ಕೂರುವವರು ಎಷ್ಟೇ ಒಳ್ಳೆಯವರಾಗಿರಲಿ, ಅಲ್ಲಿ ನಡೆಯುವುದು ಚಿಕಿತ್ಸೆಯಲ್ಲ. ಮನೋರೋಗಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಸೈಲೋಸೈಬಿನ್ ಸೇರಿದಾಗ ಫಿಟ್ಸ್ ಬಂದ ವರದಿಗಳಿವೆ. ಬೈಪೋಲಾರ್ ಅಥವಾ ಸ್ಕಿಜೋಫ್ರೇನಿಯಾದ ಹಿನ್ನೆಲೆ ಇರುವವರನ್ನು ಖಿನ್ನತೆಗೆ ಸೈಲೋಸೈಬಿನ್ ಕೊಟ್ಟು ನೋಡುವ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಇಂಥ ಸೋಸುವಿಕೆ ಬೀಚಿನ ಗುಡಿಸಲಲ್ಲಿ ನಡೆಯುವುದಿಲ್ಲ.

ಕೆಟಮಿನ್‌ನ ಕತೆ ಬೇರೆ. ಅದು ದಶಕಗಳಿಂದ ಆಪರೇಷನ್ ಥಿಯೇಟರಿನಲ್ಲಿರುವ ಅರಿವಳಿಕೆ ಔಷಧ. ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆಗೆ ಕಡಿಮೆ ಪ್ರಮಾಣದಲ್ಲಿ, ಆಸ್ಪತ್ರೆಯ ನಿಗಾದಲ್ಲಿ ಅದನ್ನು ಕೊಡುತ್ತಾರೆ. ಸಾಮಾನ್ಯ ಲೆಕ್ಕ ದೇಹದ ತೂಕದ ಪ್ರತಿ ಕಿಲೋಗೆ 0.5 ಮಿಲಿಗ್ರಾಂ, 40 ನಿಮಿಷಗಳಲ್ಲಿ ನಿಧಾನವಾಗಿ ರಕ್ತನಾಳಕ್ಕೆ. ಶಿರಸಿಯಿಂದಲೋ ಕಾರವಾರದಿಂದಲೋ ದೊಡ್ಡ ಊರಿನ ಆಸ್ಪತ್ರೆಗೆ ಹೋದವರಿಗೆ ವೈದ್ಯರು ಸೂಚಿಸಬಹುದಾದದ್ದು ಇದು. ಹಾಗಾಗಿ ಸೈಲೋಸೈಬಿನ್ ಪ್ರಯೋಗಗಳಲ್ಲಿ ಕಲಿತದ್ದನ್ನು ಕೆಟಮಿನ್ ಹಾಸಿಗೆಯ ಪಕ್ಕಕ್ಕೆ ತರುವುದು ಹೇಗೆ ಎಂಬುದು ನಮಗೆ ಬೇಕಾದ ವಿಷಯ. ಅಲ್ಲಿ ಥೆರಪಿಸ್ಟ್ ಇರದೆ ಸಿಸ್ಟರ್ ಒಬ್ಬರೇ ಇರುವ ಸಾಧ್ಯತೆ ಹೆಚ್ಚು. ಆಗ ಸ್ಪರ್ಶವೆಂದರೆ ಆ ಸಿಸ್ಟರ್ ಕೈ.

ಪ್ರಯೋಗಗಳ ಬಗ್ಗೆ ಎರಡು ಅಧ್ಯಯನ ಸಾಕು. 2022ರಲ್ಲಿ ಪ್ರಕಟವಾದ 233 ಜನರ ಅಧ್ಯಯನದಲ್ಲಿ ಒಂದೇ ಸಲ 25 ಮಿಲಿಗ್ರಾಂ ಸೈಲೋಸೈಬಿನ್ ಪಡೆದವರ ಖಿನ್ನತೆಯ ಅಂಕ, 60ರ ಮಾಪನದಲ್ಲಿ, ಮೂರು ವಾರಕ್ಕೆ ಸರಾಸರಿ 12 ಇಳಿಯಿತು. ಹೆಸರಿಗಷ್ಟೇ 1 ಮಿಲಿಗ್ರಾಂ ಪಡೆದವರಲ್ಲಿ 5.4 ಇಳಿಯಿತು. ಅದಕ್ಕೂ ಹಿಂದಿನ ವರ್ಷ, 59 ಜನರಲ್ಲಿ ಸೈಲೋಸೈಬಿನ್ ಮತ್ತು ಎಸಿಟಾಲೋಪ್ರಾಮ್ ಎಂಬ ರೂಢಿಯ ಖಿನ್ನತೆ ಮಾತ್ರೆ ಎರಡನ್ನೂ ಹೋಲಿಸಿದಾಗ, ಮುಖ್ಯ ಅಳತೆಯಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆಸ್ಟ್ರೇಲಿಯಾ 2023ರ ಜುಲೈ 1ರಿಂದ, ಅನುಮತಿ ಪಡೆದ ಮನೋವೈದ್ಯರು ಸೈಲೋಸೈಬಿನ್ ಕೊಡಬಹುದು ಎಂದಿದೆ. ಈ ಪ್ರಯೋಗಗಳಲ್ಲಿ ತರಬೇತಾದವರು ಪಕ್ಕದಲ್ಲಿ ಕೂತಿರುತ್ತಿದ್ದರು, ಭಯವಾದಾಗ ಧೈರ್ಯ ಕೊಡುತ್ತಿದ್ದರು. ಆದರೆ ಸ್ಪರ್ಶವನ್ನೇ ಬೇರ್ಪಡಿಸಿ ಅಳೆದಿಲ್ಲ. ಕೈ ಹಿಡಿದದ್ದರಿಂದ ಖಿನ್ನತೆ ಇಷ್ಟು ಇಳಿಯಿತು ಎಂದು ಯಾರಾದರೂ ಹೇಳಿದರೆ ಅದು ಊಹೆ. ಕೈ ಹಿಡಿಯುವುದು ಆ ಕೆಲವು ಗಂಟೆಗಳನ್ನು ದಾಟಿಸುವುದಕ್ಕೆ ಒಂದು ಆಸರೆ. ಖಿನ್ನತೆಗೆ ಮದ್ದು ಎಂದು ಅದನ್ನು ಹೊಗಳುವುದು ಬೇಡ.

ಆಸರೆ ಎಂಬುದಕ್ಕೆ ಮಾತ್ರ ಒಳ್ಳೆಯ ಪುರಾವೆಯಿದೆ. 2006ರಲ್ಲಿ ಅಮೆರಿಕದ ಸಂಶೋಧಕರು 16 ವಿವಾಹಿತ ಮಹಿಳೆಯರಿಗೆ ಸಣ್ಣ ವಿದ್ಯುತ್ ಆಘಾತದ ಭಯ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಗಂಡನ ಕೈ ಹಿಡಿದಾಗ ಭಯದ ಪ್ರತಿಕ್ರಿಯೆ ಹೆಚ್ಚು ತಗ್ಗಿತು. ಗುರುತಿಲ್ಲದವರ ಕೈ ಹಿಡಿದಾಗಲೂ ತಗ್ಗಿತು, ಆದರೆ ಅಷ್ಟಿಲ್ಲ. ಥೆರಪಿಸ್ಟ್ ಆ ಎರಡರ ನಡುವಿನವರು. ಮೊದಲ ಭೇಟಿಗಳಲ್ಲಿ ಗಳಿಸಿದ ವಿಶ್ವಾಸ ಎಷ್ಟೋ ಅಷ್ಟೇ ಅವರ ಕೈಯ ಬಲ.

ಚರ್ಮದ ವಿಷಯವೂ ಸ್ವಲ್ಪ ಗೊತ್ತಿರಬೇಕು. ಕೂದಲಿರುವ ಚರ್ಮದಲ್ಲಿ, ಅಂದರೆ ಮುಂಗೈ, ತೋಳು, ಬೆನ್ನಿನಲ್ಲಿ, ಸಿ-ಟ್ಯಾಕ್ಟೈಲ್ ಎಂಬ ನಿಧಾನಗತಿಯ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಚರ್ಮದಷ್ಟೇ ಬೆಚ್ಚಗಿರುವ ಕೈಯಿಂದ, ಅಂದರೆ ಸುಮಾರು 32 ಡಿಗ್ರಿಯಲ್ಲಿ, ಮೆಲ್ಲಗೆ ನೇವರಿಸಿದರೆ ಇವು ಚೆನ್ನಾಗಿ ಸ್ಪಂದಿಸುತ್ತವೆ. ತಾಯಿ ಮಗುವನ್ನು ಸವರುವ ವೇಗ ಹೆಚ್ಚುಕಡಿಮೆ ಇದೇ. ಇದನ್ನು ಓದಿದ ಕೆಲವರು ‘ಹಾಗಾದರೆ ರೋಗಿಯ ತೋಳನ್ನು ಇದೇ ವೇಗದಲ್ಲಿ ನೇವರಿಸೋಣ’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪ್ರೇಮಿಯ ನೇವರಿಕೆಯೂ ಹೋಗುವುದು ಅದೇ ದಾರಿಯಲ್ಲಿ. ಔಷಧದ ಉಚ್ಛ್ರಾಯದಲ್ಲಿರುವವರಿಗೆ ಈ ಎರಡನ್ನು ಬೇರ್ಪಡಿಸುವ ಹೊಣೆ ಹೊರಿಸುವುದು ಅನ್ಯಾಯ. ಅಲುಗದ ಅಂಗೈ, ಅದರದೇ ಭಾರ, ಅದಕ್ಕಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ: ಇದರಲ್ಲಿ ಗೊಂದಲಕ್ಕೆ ಎಡೆ ಕಡಿಮೆ. ನೇವರಿಸುವುದು ಬೇಕೇ ಬೇಕೆಂದು ರೋಗಿ ಔಷಧಕ್ಕೆ ಮುಂಚಿನ ತಯಾರಿಯ ದಿನಗಳಲ್ಲಿ ತಾವಾಗಿ ಕೇಳಿದರೂ, ಅದನ್ನು ಮನೆಯವರಿಗೆ ಬಿಡುವುದು ಮೇಲು.

ಔಷಧವು ಸ್ಪರ್ಶವನ್ನು ಬದಲಿಸುವ ರೀತಿಯೂ ಒಂದೇ ಅಲ್ಲ. ಸೈಲೋಸೈಬಿನ್‌ನಲ್ಲಿ ಬಟ್ಟೆಯ ನೇಯ್ಗೆ, ಬೆರಳಿನ ಬಿಸಿ, ಬೆವರು ಎಲ್ಲ ಹಿಗ್ಗಿ ಕಾಣಬಹುದು; ಎರಡು ನಿಮಿಷದ ಹಿಡಿತ ಯುಗದಷ್ಟು ಉದ್ದವೆನಿಸಬಹುದು. ಕೆಟಮಿನ್‌ನಲ್ಲಿ ಇದಕ್ಕೆ ವಿರುದ್ಧ. ಮೈ ಜೋಮು ಹಿಡಿದಂತೆ, ಕೈ ತನ್ನದಲ್ಲವೆಂಬಂತೆ, ತಾನು ಹಾಸಿಗೆಯಿಂದ ದೂರ ತೇಲಿದಂತೆ ಅನಿಸುವುದುಂಟು. ಆಗ ಹಗುರವಾದ ಸ್ಪರ್ಶ ತಿಳಿಯುವುದೇ ಇಲ್ಲ, ಅಥವಾ ಎಲ್ಲಿಂದ ಬಂತೋ ತಿಳಿಯದೆ ಬೆಚ್ಚಿಬೀಳಿಸುತ್ತದೆ. ಹಾಗಾಗಿ ಕೆಟಮಿನ್‌ನಲ್ಲಿ ಧ್ವನಿ ಮೊದಲು, ಕೈ ಆಮೇಲೆ ಎಂಬ ನಿಯಮ ಎರಡು ಪಟ್ಟು ಮುಖ್ಯ.

ಇನ್ನು ಮೈಮೇಲೆ ಎಲ್ಲಿ ಮುಟ್ಟಬಹುದು ಎಂಬ ಮಾತು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಸೈಲೋಸೈಬಿನ್ ಸೇವೆ ಕಾನೂನುಬದ್ಧ. ಅಲ್ಲಿನ ನಿಯಮಗಳು ಮುಂಚಿತ ಲಿಖಿತ ಒಪ್ಪಿಗೆ ಇದ್ದರೆ ಕೈ, ಪಾದ, ಭುಜಗಳನ್ನು ಮುಟ್ಟಬಹುದು ಎನ್ನುತ್ತವೆ. ಅಲ್ಲಿಯವರಿಗೆ ಪಾದ ನಿರಪಾಯದ ಜಾಗ. ಹೊದಿಕೆಯ ಮೇಲಿಂದ ಎರಡೂ ಪಾದಗಳನ್ನು ಹಿಡಿದರೆ ನೆಲದ ಅರಿವು ಮರಳುತ್ತದೆ ಎಂಬ ಲೆಕ್ಕ. ಅದನ್ನು ಹಾಗೇ ಶಿರಸಿಗೆ ತಂದರೆ ಕೆಲಸ ಕೆಡುತ್ತದೆ. ನಮ್ಮಲ್ಲಿ ಪಾದ ಮುಟ್ಟುವುದು ನಮಸ್ಕಾರ. ಐವತ್ತು ದಾಟಿದ ಡಾಕ್ಟರು ಇಪ್ಪತ್ತೈದರ ಹುಡುಗನ ಪಾದಕ್ಕೆ ಕೈಯಿಟ್ಟರೆ, ಎಂಥ ಔಷಧದ ಅಮಲಿನಲ್ಲೂ ಅವನು ಕಾಲು ಎಳೆದುಕೊಳ್ಳುತ್ತಾನೆ. ‘ನನ್ನಿಂದ ಏನೋ ಪಾಪವಾಯಿತು’ ಎಂಬ ಭಾವ ಖಿನ್ನತೆಯವರಲ್ಲಿ ಮೊದಲೇ ಇರುತ್ತದೆ. ಅದಕ್ಕೆ ಇದೂ ಸೇರುತ್ತದೆ. ತಿರುಗಾ, ಚಿಕ್ಕ ವಯಸ್ಸಿನ ಥೆರಪಿಸ್ಟ್ ಅಜ್ಜಿಯೊಬ್ಬರ ಪಾದ ಹಿಡಿದರೆ ಆಕೆ ಆಶೀರ್ವಾದ ಮಾಡಲು ಏಳಬಹುದು. ತಲೆಯೂ ಹಾಗೆಯೇ. ತಲೆಯ ಮೇಲಿಟ್ಟ ಕೈ ಇಲ್ಲಿ ಹರಕೆ, ಆಶೀರ್ವಾದ. ದೇವರೇ ಬಂದನೆಂದೋ ಸತ್ತ ಅಪ್ಪ ಬಂದನೆಂದೋ ಭಾವಿಸುವ ಸ್ಥಿತಿಯಲ್ಲಿರುವವರ ತಲೆಗೆ ಕೈಯಿಡುವುದು ಚಿಕಿತ್ಸಕರಿಗೆ ಇಲ್ಲದ ಅಧಿಕಾರವನ್ನು ಕೊಟ್ಟಂತಾಗುತ್ತದೆ.

ಉಳಿಯುವುದು ಅಂಗೈ, ಮುಂಗೈ, ಭುಜದ ಹೊರಬದಿ. ಇಷ್ಟರಲ್ಲೇ ಕೆಲಸ ಮಾಡುವುದು ಒಳ್ಳೆಯದು. ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಎಳೆದ ಕೈಗೆ, ಅಡಿಕೆ ಕೊನೆ ಇಳಿಸಿದ ಕೈಗೆ ಅಂಗೈ ಚರ್ಮ ದಪ್ಪಗಾಗಿರುತ್ತದೆ. ಹಗುರ ಸ್ಪರ್ಶ ಅಲ್ಲಿ ಸರಿಯಾಗಿ ತಿಳಿಯದು. ಅಂಥವರಿಗೆ ಮುಂಗೈಯ ಮೇಲೆ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ ಕೈಯಿಡಬೇಕು. ಎಡಗೈ ಚಾಚಬೇಡಿ. ಕುರ್ಚಿಯನ್ನು ಹಾಸಿಗೆಯ ಯಾವ ಬದಿಗೆ ಹಾಕಿದರೆ ನಿಮ್ಮ ಬಲಗೈ ಸಹಜವಾಗಿ ಮುಂದೆ ಬರುತ್ತದೋ ಆ ಬದಿಗೆ ಮೊದಲೇ ಹಾಕಿ. ಕರಿಮಣಿ, ಜನಿವಾರ, ತಾಯಿತ ಇದ್ದರೆ ಅವನ್ನು ಸರಿಸಲು ಹೋಗಬೇಡಿ. ತೆಗೆಯಲೇಬೇಕಾದ ವೈದ್ಯಕೀಯ ಕಾರಣವಿದ್ದರೆ ರೋಗಿಯೇ ಮುಂಚೆ ತೆಗೆದಿಡಲಿ. ಮಡಿಯ ಅಭ್ಯಾಸವಿರುವ ಹಿರಿಯರನ್ನು, ಯಾರು ಮುಟ್ಟಬಹುದು ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನೊಂದು ವಿಷಯ ಹೇಳಲು ಕಷ್ಟ, ಆದರೆ ಹೇಳದೆ ಬಿಡಲಾಗದು. ತಲೆಮಾರುಗಳ ಕಾಲ ಮುಟ್ಟಿಸಿಕೊಳ್ಳದೆ ದೂರ ನಿಲ್ಲಿಸಲ್ಪಟ್ಟ ಮನೆಗಳಿಂದ ಬಂದವರು ಈ ಹಾಸಿಗೆಯ ಮೇಲೆ ಮಲಗುತ್ತಾರೆ. ಚಾಚಬೇಕಾದ ಕೈ ಒಂದು ಕ್ಷಣ ತಡೆದರೂ ಅವರಿಗೆ ಗೊತ್ತಾಗುತ್ತದೆ, ಔಷಧದಲ್ಲಿದ್ದಾಗ ಇನ್ನಷ್ಟು ಗೊತ್ತಾಗುತ್ತದೆ. ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚಿಡುವ ಸಣ್ಣ ನಳಿಕೆ) ಹಾಕುವಾಗ ಸಿಸ್ಟರ್ ಗ್ಲೌಸ್ ತೊಟ್ಟಿರಲೇಬೇಕು. ಆದರೆ ಅದೇ ಗ್ಲೌಸಿನ ಕೈಯಲ್ಲಿ ಧೈರ್ಯ ಹೇಳಲು ಕೈ ಹಿಡಿಯಬಾರದು. ಗ್ಲೌಸ್ ಕಳಚಿ, ಕೈ ತೊಳೆದು, ಒರೆಸಿ, ಆಮೇಲೆ ಹಿಡಿಯಬೇಕು. ಸೋಂಕಿನ ಕಾರಣಕ್ಕೆ ಗ್ಲೌಸ್ ಬೇಕಿದ್ದರೆ ಕಾರಣವನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು.

ತಯಾರಿಯ ಭೇಟಿಗಳಿಗೆ ಬರೋಣ. ಇಲ್ಲಿ ಕಲಿಸಬೇಕಾದದ್ದು ಕೈ ಹಿಡಿಯುವುದನ್ನಲ್ಲ, ಬೇಡ ಅನ್ನುವುದನ್ನು. ನಮ್ಮ ಕಡೆಯ ರೋಗಿಗಳು ಡಾಕ್ಟರಿಗೆ ಎದುರು ಹೇಳುವುದಿಲ್ಲ. ‘ಅಡ್ಡಿಲ್ಲ ಡಾಕ್ಟ್ರೇ’, ‘ನೀವು ಹೇಳಿದ ಹಾಗೆ’ ಎಂಬ ಉತ್ತರ ಒಪ್ಪಿಗೆಯಲ್ಲ, ಮರ್ಯಾದೆ. ಆದ್ದರಿಂದ ಬೇಡ ಎನ್ನಲೇಬೇಕಾದ ಅಭ್ಯಾಸ ಮಾಡಿಸಬೇಕು. ರೋಗಿಯ ಎದುರು ಕುಳಿತು, ‘ನಾನು ಈಗ ನಿಮ್ಮ ಭುಜ ಮುಟ್ಟಲಾ ಎಂದು ಕೇಳುತ್ತೇನೆ. ಈ ಸಲ ನೀವು ಬೇಡ ಅನ್ನಬೇಕು’ ಎಂದು ಹೇಳಿ, ಕೇಳಿ, ಅವರು ಬೇಡ ಎಂದ ಕೂಡಲೇ ಕೈಯನ್ನು ಹಿಂದಕ್ಕೆ ತಂದು ತೊಡೆಯ ಮೇಲಿಟ್ಟುಕೊಳ್ಳಬೇಕು. ಧ್ವನಿ ಗಟ್ಟಿಯಾಗುವವರೆಗೆ ಇದನ್ನು ಮತ್ತೆ ಮತ್ತೆ ಮಾಡಿಸಬೇಕು. ಆಮೇಲೆ ಮುಟ್ಟಿಸಿಕೊಂಡು, ಮಧ್ಯದಲ್ಲಿ ನಿಲ್ಲಿಸುವ ಅಭ್ಯಾಸ. ಒಮ್ಮೆಯೂ ಬೇಡ ಎನ್ನಲಾಗದವರ ಜೊತೆ ಸೆಷನ್ ದಿನ, ಅಂದರೆ ಔಷಧ ಕೊಡುವ ದಿನ, ಸ್ಪರ್ಶವೇ ಬೇಡ, ಇದು ಕಟ್ಟುನಿಟ್ಟಾಗಿರಲಿ.

ನಿಲ್ಲಿಸುವ ಪದ ಒಂದೇ ಇರಲಿ, ಅದು ರೋಗಿಯ ಮನೆಮಾತಿನದ್ದಾಗಿರಲಿ. ಔಷಧದಲ್ಲಿ ಕಲಿತ ಭಾಷೆ ಜಾರಿ ಮನೆಮಾತು ಮೇಲೆ ಬರಬಹುದು. ಕಾರವಾರದ ಕೊಂಕಣಿಯವರು ‘ನಾಕಾ’ ಅನ್ನುತ್ತಾರೆ, ‘ಪುರೊ’ ಅನ್ನುತ್ತಾರೆ. ಶಿರಸಿ ಕಡೆ ‘ಬ್ಯಾಡ’, ‘ಸಾಕು’. ಬೆಂಗಳೂರಿನಲ್ಲಿ ಓದಿ ಬಂದ ಥೆರಪಿಸ್ಟ್‌ಗೆ ‘ಪುರೊ’ ಎಂದರೆ ಸಾಕು ಎಂದು ತಿಳಿಯದಿದ್ದರೆ ರೋಗಿ ಬೇಡವೆಂದರೂ ಕೈ ಅಲ್ಲೇ ಇರುತ್ತದೆ. ಜೊತೆಗೆ ಒಂದು ಸನ್ನೆಯೂ ಬೇಕು. ಅಂಗೈ ಎತ್ತಿ ಹೊರಗೆ ತೋರಿಸುವುದು ಸುಲಭ. ಕೆಟಮಿನ್‌ನಲ್ಲಿ ಮಾತು ಬಾರದೆ ಹೋಗಬಹುದು, ಸನ್ನೆಯೂ ತಡವಾಗಬಹುದು. ಕೈ ಬಿಗಿದರೆ, ಬೆರಳು ಹಿಂದೆ ಸರಿದರೆ, ಉಸಿರು ತಡೆದರೆ ಅದನ್ನೂ ಬೇಡ ಎಂದೇ ಓದಬೇಕು.

ಒಪ್ಪಿಗೆಯ ಕಾಗದದಲ್ಲಿ ‘ಸ್ಪರ್ಶಕ್ಕೆ ಒಪ್ಪಿದ್ದೇನೆ’ ಎಂಬ ಒಂದೇ ಸಾಲು ಸಾಲದು. ಯಾವ ಜಾಗ, ಯಾರ ಕೈ, ಬಟ್ಟೆಯ ಮೇಲೋ ಚರ್ಮಕ್ಕೋ, ರೋಗಿ ಕೇಳಿದಾಗ ಮಾತ್ರವೋ ಅಥವಾ ಭಯ ಕಂಡಾಗ ಥೆರಪಿಸ್ಟ್ ತಾವಾಗಿ ಕೇಳಬಹುದೋ, ಇಷ್ಟೂ ಬರೆದಿರಬೇಕು. ಬೀಳದಂತೆ ಹಿಡಿಯುವುದು, ಕ್ಯಾನುಲಾ ಎಳೆದುಕೊಳ್ಳದಂತೆ ತಡೆಯುವುದು ಬೇರೆ ಲೆಕ್ಕ. ಅದು ಸುರಕ್ಷತೆ, ಅದಕ್ಕೆ ಆ ಕ್ಷಣದಲ್ಲಿ ಅನುಮತಿ ಕೇಳುತ್ತ ಕೂರಲಾಗದು ಎಂದು ಮೊದಲೇ ತಿಳಿಸಿರಬೇಕು. ಮುಖ್ಯವಾದ ಮಾತು: ಸೆಷನ್ ನಡೆಯುವಾಗ ಒಪ್ಪಿಗೆಯನ್ನು ಕಡಿಮೆ ಮಾಡಬಹುದು, ಹೆಚ್ಚಿಸಲು ಬರುವುದಿಲ್ಲ. ತಯಾರಿಯಲ್ಲಿ ‘ಕೈ ಮಾತ್ರ’ ಎಂದವರು ಔಷಧದಲ್ಲಿ ‘ಅಪ್ಪಿಕೊಳ್ಳಿ’ ಎಂದು ಅತ್ತರೂ ಕೈ ಮಾತ್ರವೇ. ಇದು ಕ್ರೂರವೆನಿಸುತ್ತದೆ. ‘ನಾನಿಲ್ಲೇ ಇದ್ದೇನೆ. ನಿಮ್ಮ ಕೈ ಹಿಡಿದಿದ್ದೇನೆ. ಅಪ್ಪಿಕೊಳ್ಳಲು ಈ ದಿಂಬು ಇದೆ’ ಎಂದು ಹೇಳಿ ದಿಂಬು ಕೊಡಬೇಕು.

ಈ ನಿಯಮ ಏಕೆ ಬೇಕೆಂದು ಗೊತ್ತಿದ್ದರೆ ಕ್ರೂರವೆನಿಸುವುದಿಲ್ಲ. ಕೆನಡಾದಲ್ಲಿ 2015ರಲ್ಲಿ ನಡೆದ, ಎಂಡಿಎಂಎ ಎಂಬ ಇಂಥದೇ ಇನ್ನೊಂದು ಔಷಧದ ಪ್ರಯೋಗವೊಂದರಲ್ಲಿ ಥೆರಪಿಸ್ಟ್‌ಗಳು ರೋಗಿಯೊಬ್ಬರ ಮೇಲೆ ಮಲಗಿ, ಹಿಡಿದಿಟ್ಟುಕೊಂಡ ದೃಶ್ಯಗಳು ವಿಡಿಯೊದಲ್ಲಿ ದಾಖಲಾಗಿ ಹೊರಬಂದವು. 2024ರಲ್ಲಿ ಅಮೆರಿಕದ ಔಷಧ ಅನುಮತಿ ಸಂಸ್ಥೆಯಾದ ಎಫ್‌ಡಿಎ ಸಲಹಾ ಸಮಿತಿ ಎಂಡಿಎಂಎ ಚಿಕಿತ್ಸೆಯನ್ನು ಚರ್ಚಿಸಿದಾಗ ಈ ದುರ್ವರ್ತನೆಯ ವಿಷಯವೂ ಮೇಜಿಗೆ ಬಂತು. ಆಗಸ್ಟಿನಲ್ಲಿ ಅನುಮತಿ ನಿರಾಕರಣೆಯಾಯಿತು. ನಿರಾಕರಣೆಗೆ ಬೇರೆ ಕಾರಣಗಳೂ ಇದ್ದವು. ಆದರೂ ಕೋಣೆಯಲ್ಲಿ ಇಬ್ಬರು ಚಿಕಿತ್ಸಕರಿರುವುದು, ಕ್ಯಾಮೆರಾ ಇರುವುದು ತಾವಾಗಿಯೇ ರಕ್ಷಣೆಯಲ್ಲ ಎಂಬುದು ಆ ಪ್ರಕರಣದಿಂದ ಗೊತ್ತಾಯಿತು. ಯಾರೋ ಆ ವಿಡಿಯೊ ನೋಡುತ್ತಾರೆ, ನೋಡಿ ಪ್ರಶ್ನಿಸುತ್ತಾರೆ ಎಂಬ ವ್ಯವಸ್ಥೆ ಇರಬೇಕು.

ಈಗ ಕೈಯ ಕೆಲಸ. ಉಂಗುರ, ಗಡಿಯಾರ, ಬಳೆ ತೆಗೆದಿಡಿ. ಉಗುರು ಕತ್ತರಿಸಿ. ಅತ್ತರು, ಅಗರಬತ್ತಿ, ತಲೆಗೆ ಹಾಕಿದ ಎಣ್ಣೆಯ ವಾಸನೆ, ಮುಡಿದ ಮಲ್ಲಿಗೆ ಯಾವುದೂ ಬೇಡ. ವಾಸನೆ ಈ ಸ್ಥಿತಿಯಲ್ಲಿ ಬಹಳ ದೂರ ಎಳೆದೊಯ್ಯುತ್ತದೆ. ಕರಾವಳಿಯಲ್ಲಿ ಜುಲೈ ತಿಂಗಳೆಂದರೆ ಕೈ ಸದಾ ಪಸೆ. ಎಸಿ ಕೋಣೆಯಲ್ಲಿ ಕೂತರೆ ಅದೇ ಕೈ ತಣ್ಣಗೆ, ಒದ್ದೆ. ಒಣ ಹತ್ತಿಯ ಟವೆಲ್ ತೊಡೆಯ ಮೇಲಿರಲಿ. ಮುಟ್ಟುವ ಮೊದಲು ಕೈ ಒರೆಸಿ, ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ.

ರೋಗಿಯ ತಲೆಯ ಹಿಂದಿನಿಂದ ಎಂದೂ ಹೋಗಬೇಡಿ. ಕಣ್ಣಿಗೆ ಪಟ್ಟಿ ಇದೆ ಎಂಬುದನ್ನು ಮರೆಯುವುದು ತೀರ ಸಾಮಾನ್ಯವಾದ ತಪ್ಪು. ಮೊದಲು ಹೆಸರು ಹೇಳಿ, ನೀವು ಯಾರೆಂದು ಹೇಳಿ, ಎಲ್ಲಿ ಕೂತಿದ್ದೀರೆಂದು ಹೇಳಿ. ಮೂರು ಉಸಿರಿನಷ್ಟು ಹೊತ್ತು ಕಾಯಿರಿ. ‘ನನ್ನ ಕೈ ನಿಮ್ಮ ಬಲಗೈ ಪಕ್ಕದಲ್ಲಿದೆ, ಬೇಕಾದರೆ ಹಿಡಿಯಿರಿ’ ಎಂದು ಹೇಳಿ ಅಂಗೈ ಮೇಲೆ ಮಾಡಿ ಹಾಸಿಗೆಯ ಮೇಲಿಡಿ. ನಿಮ್ಮ ಕೈ ಕೆಳಗೆ, ಅವರ ಕೈ ಮೇಲೆ. ಈ ಕ್ರಮ ಬಹಳ ಮುಖ್ಯ. ಮೇಲಿರುವ ಕೈಯನ್ನು ಯಾವಾಗ ಬೇಕಾದರೂ ಎತ್ತಬಹುದು, ಕೆಳಗಿರುವುದು ಸಿಕ್ಕಿಬೀಳುತ್ತದೆ. ಬೆರಳುಗಳನ್ನು ಹೆಣೆಯಬೇಡಿ. ಅವರು ಬಿಗಿಯಾಗಿ ಅದುಮಿದರೆ ನೀವೂ ಅಷ್ಟೇ ಬಿಗಿ ಕೊಡಬಹುದು, ಅವರು ಸಡಿಲಿಸಿದಾಗ ಕೂಡಲೇ ಸಡಿಲಿಸಬೇಕು. ಹೆಬ್ಬೆರಳು ತಾನಾಗಿ ಸವರಲು ತೊಡಗುತ್ತದೆ. ಅದರ ಮೇಲೆ ನಿಗಾ ಇರಲಿ. ಮೊಣಕೈಗೆ ದಿಂಬಿನ ಆಧಾರ ಕೊಡದೆ ಕೂತರೆ ಸ್ವಲ್ಪ ಹೊತ್ತಿಗೇ ಭುಜ ನೋಯತೊಡಗಿ ಕೈ ನಡುಗುತ್ತದೆ, ಆ ನಡುಕವನ್ನು ರೋಗಿ ಭಯವೆಂದು ಓದುತ್ತಾರೆ.

ಕೈ ತೆಗೆಯುವುದು ಇಡುವುದಕ್ಕಿಂತ ನಾಜೂಕಿನ ಕೆಲಸ. ಫೋನ್ ಬಂತೆಂದು, ನೀರು ಕುಡಿಯಲೆಂದು ಥಟ್ಟನೆ ಎಳೆದುಕೊಂಡರೆ ಕೈಬಿಟ್ಟು ಹೋದರು ಎಂದೇ ಅನಿಸುತ್ತದೆ. ‘ಇನ್ನು ಸ್ವಲ್ಪ ಹೊತ್ತಿಗೆ ಕೈ ತೆಗೆಯುತ್ತೇನೆ, ಇಲ್ಲೇ ಕೂತಿರುತ್ತೇನೆ’ ಎಂದು ಹೇಳಿ, ಮೊದಲು ಭಾರ ಕಡಿಮೆ ಮಾಡಿ, ಆಮೇಲೆ ಬೆರಳು, ಕೊನೆಗೆ ಅಂಗೈ. ಒಂದು ಗೇಣು ದೂರದಲ್ಲಿ ಕೈಯನ್ನು ಹಾಸಿಗೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಬಿಡಿ. ಇಬ್ಬರು ಚಿಕಿತ್ಸಕರಿದ್ದರೆ ಕೈ ಬದಲಾಯಿಸುವ ಮುನ್ನ ಬದಲಾಗುತ್ತಿದೆ ಎಂದು ಹೇಳಲೇಬೇಕು.

ಯಾವಾಗ ಎಂಬ ಪ್ರಶ್ನೆಗೆ ಗಡಿಯಾರ ಸ್ವಲ್ಪ ಸಹಾಯ ಮಾಡುತ್ತದೆ. ಸೈಲೋಸೈಬಿನ್ ಏರತೊಡಗುವುದು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ. ಎದೆ ಬಡಿತ ಹೆಚ್ಚಿ, ‘ಏನೋ ಆಗುತ್ತಿದೆ’ ಎಂಬ ಗಾಬರಿ ಬರುವುದು ಆಗ. ಕೈ ಬೇಕಾಗುವುದೂ ಹೆಚ್ಚಾಗಿ ಆಗಲೇ. ಎರಡು ಮೂರು ಗಂಟೆಯ ಹೊತ್ತಿಗೆ ಉಚ್ಛ್ರಾಯ, ಅಲ್ಲಿ ಕೇಳದೆ ಹೋದರೆ ಸುಮ್ಮನಿರುವುದೇ ಸರಿ. ಆರು ಗಂಟೆಯ ಸುಮಾರಿಗೆ ಮರಳಿ ಬರುವಾಗ ಮತ್ತೆ ಬೇಕಾಗಬಹುದು. ಕೆಟಮಿನ್‌ನಲ್ಲಿ ಇಷ್ಟೆಲ್ಲ ಒಂದೆರಡು ಗಂಟೆಯೊಳಗೆ ಮುಗಿಯುತ್ತದೆ.

ಕೆಟಮಿನ್ ಹಾಸಿಗೆಯ ಇನ್ನೊಂದು ತೊಡಕು, ಹಿಡಿಯಲು ಕೈಯೇ ಉಳಿದಿರುವುದಿಲ್ಲ. ಒಂದು ತೋಳಿಗೆ ಕ್ಯಾನುಲಾ, ಇನ್ನೊಂದಕ್ಕೆ ಬಿಪಿ ಪಟ್ಟಿ, ಬೆರಳಿಗೆ ಆಕ್ಸಿಮೀಟರ್. ಕೆಟಮಿನ್ ರಕ್ತದೊತ್ತಡ ಏರಿಸುವುದರಿಂದ ಬಿಪಿ ಆಗಾಗ ನೋಡಲೇಬೇಕು. ಆಕ್ಸಿಮೀಟರನ್ನು ಕ್ಯಾನುಲಾ ಇರುವ ಕೈಗೇ ಹಾಕಿಸಿದರೆ ಪಟ್ಟಿ ಇರುವ ಕೈಯ ಅಂಗೈ ಖಾಲಿ ಉಳಿಯುತ್ತದೆ. ಅದು ಹಿಡಿಯಲು. ಆದರೆ ಬಿಪಿ ಪಟ್ಟಿಯೂ ಒಂದು ಸ್ಪರ್ಶ. ತೇಲುತ್ತಿರುವವರ ತೋಳನ್ನು ಯಂತ್ರ ಥಟ್ಟನೆ ಬಿಗಿಯುವಾಗ, ಯಾರೋ ಹಿಡಿದೆಳೆದರು ಎನಿಸಿ ಕಿರುಚುವುದುಂಟು. ಮೊದಲೇ ಎರಡು ಸಲ ಉಬ್ಬಿಸಿ ತೋರಿಸಬೇಕು, ನಡುವೆ ಪ್ರತಿ ಸಲ ‘ಈಗ ಪಟ್ಟಿ ಬಿಗಿಯುತ್ತದೆ’ ಎಂದು ಸಿಸ್ಟರ್ ಹೇಳಬೇಕು. ಸ್ಪರ್ಶದ ತರಬೇತಿ ಸಿಸ್ಟರಿಗೆ ಸಿಗದೆ ಥೆರಪಿಸ್ಟ್‌ಗೆ ಮಾತ್ರ ಸಿಗುವುದು ಈ ಚಿಕಿತ್ಸೆಯ ದೊಡ್ಡ ಕೊರತೆ ಎಂದು ನನ್ನ ನಂಬಿಕೆ.

ಅಳುವನ್ನು ಕುರಿತು ಎರಡು ಮಾತು. ವರ್ಷಗಳಿಂದ ಅಳಲಾಗದೆ ಮರಗಟ್ಟಿದವರು ಅಳತೊಡಗಿದಾಗ, ಪಕ್ಕದಲ್ಲಿರುವವರ ಕೈ ಭುಜಕ್ಕೆ ಹೋಗುತ್ತದೆ, ಬಾಯಲ್ಲಿ ‘ಅಳಬೇಡಿ, ಎಂತ ಆಗ್ಲಿಲ್ಲೆ’ ಬರುತ್ತದೆ. ಹುಟ್ಟಿನಿಂದ ಬಂದ ರೂಢಿ. ಉರಿಯುವ ಒಲೆಗೆ ನೀರು ಹೊಯ್ದಂತೆ ಅಳು ಅಲ್ಲಿಗೇ ಆರುತ್ತದೆ, ಬರಬೇಕಾಗಿದ್ದದ್ದು ಬರುವುದಿಲ್ಲ. ಆ ಕೈ ರೋಗಿಗೆಂದು ಹೋಗಿದ್ದೋ, ನೋಡಲಾಗದ ತನ್ನ ಸಂಕಟಕ್ಕೆಂದು ಹೋಗಿದ್ದೋ ಎಂದು ಆ ಕ್ಷಣ ಕೇಳಿಕೊಳ್ಳಬೇಕು. ಕಣ್ಣೊರೆಸಿಕೊಳ್ಳುವ ಬಟ್ಟೆ ಕೈಗೆಟಕುವಲ್ಲಿರಲಿ, ನೀವಾಗಿ ಕೊಡಬೇಡಿ. ಅಳು ಭಯವಾಗಿ ತಿರುಗಿ ಕೈ ಹುಡುಕಿದರೆ ಆಗ ಕೊಡಿ. ಹುಡುಕಿದ ಕೈಗೆ ಕೈ ಸಿಗದಿರುವುದೂ ಅಷ್ಟೇ ದೊಡ್ಡ ಗಾಯ. ಆರೋಪದ ಹೆದರಿಕೆಯಿಂದ ‘ಮುಟ್ಟುವುದೇ ಬೇಡ’ ಎಂದು ದೂರ ಕೂರುವ ಚಿಕಿತ್ಸಕರನ್ನು ನಾನು ಸಮರ್ಥಿಸಲಾರೆ.

ಬೇರೆಯವರ ಕೈಗಿಂತ ಮೊದಲು ರೋಗಿಯದೇ ಕೈಯಿದೆ. ಒಂದು ಅಂಗೈ ಎದೆಯ ನಡುವೆ, ಇನ್ನೊಂದು ಹೊಟ್ಟೆಯ ಮೇಲೆ, ಉಸಿರು ಬಿಡುವಾಗ ಕೈಯ ಭಾರ ಗಮನಿಸುವುದು. ಇದನ್ನು ಮನೆಯಲ್ಲಿ ರೂಢಿ ಮಾಡಿಕೊಂಡು ಬಂದರೆ ಎಷ್ಟೋ ಸಲ ಬೇರೆ ಕೈ ಬೇಕಾಗುವುದೇ ಇಲ್ಲ. ಕೈಯ ಬದಲು ಮೈಗೆ ಭಾರ ಕೊಡುವ ಹೊದಿಕೆಗೆ ನಮ್ಮಲ್ಲಿ ಅಂಗಡಿಯ ಸಾಮಾನು ಹುಡುಕಬೇಕಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆ ಸೀರೆ, ಬಟ್ಟೆ ಪದರ ಪದರವಾಗಿ ಹೊಲಿಯುವ ಕವಂದಿ ಒಳ್ಳೆಯ ತೂಕ, ತೊಳೆದಷ್ಟೂ ಮೆತ್ತಗೆ. ಸೊಂಟದಿಂದ ಕೆಳಗೆ ಹೊದಿಸಿದರೆ ಸಾಕು. ಎದೆಯ ಮೇಲೆ ಭಾರ ಬೇಡ, ಕೆಟಮಿನ್‌ನಲ್ಲಿ ವಾಕರಿಕೆ ಬಂದಾಗ ಕೂಡಲೇ ಮಗ್ಗುಲಾಗಲು ಬರಬೇಕು. ಉಣ್ಣೆಯ ಕಂಬಳಿ ಬೇಡ. ಅದರ ಚುಚ್ಚು ಸೈಲೋಸೈಬಿನ್‌ನಂಥದ್ದರಲ್ಲಿ ಸಹಿಸಲಾಗದಷ್ಟಾಗುತ್ತದೆ. ಸೀರೆಯೂ ಬೇಡ, ಬಹಳ ಹೊತ್ತು ಮಲಗಿದಾಗ ನೆರಿಗೆ, ಸೆರಗು ಸರಿದು, ಅದನ್ನು ಸರಿಪಡಿಸಲು ಹೋಗುವ ಕೈಯೇ ತೊಂದರೆಯಾಗುತ್ತದೆ. ಸಡಿಲ ಚೂಡಿದಾರವೋ ಪೈಜಾಮವೋ ಇರಲಿ. ಬಚ್ಚಲಿಗೆ ಕರೆದೊಯ್ಯುವಾಗ ಸೊಂಟ ಬಳಸಬೇಡಿ, ಮೊಣಕೈ ಕೆಳಗೆ ನಿಮ್ಮ ಮುಂಗೈ ಕೊಡಿ, ಅವರು ಹಿಡಿದುಕೊಳ್ಳಲಿ. ಜೊತೆಗೆ ಹೋಗುವವರು ಯಾರೆಂದು ರೋಗಿಯೇ ಮೊದಲು ಹೇಳಿರಲಿ, ಚಿಲಕ ಹಾಕುವುದು ಬೇಡ.

ಮನೆಯವರು ಒಳಗಿರಬೇಕೇ? ಅಮ್ಮನೋ ಗಂಡನೋ ಕೈ ಹಿಡಿದು ಕೂರುತ್ತೇನೆ ಎಂದು ಹಟ ಹಿಡಿಯುವುದು ಸಹಜ. ಒಳಗೆ ಬೇಡ ಎಂದೇ ನನ್ನ ಅಭಿಪ್ರಾಯ. ಖಿನ್ನತೆಯ ಬೇರು ಎಷ್ಟೋ ಸಲ ಆ ಸಂಬಂಧದ ಒಳಗೇ ಇರುತ್ತದೆ, ಅವರೆದುರು ಬಾಯಿ ಬಿಡುವುದಾಗದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿ ತಮ್ಮ ಪ್ರತಿನಿಧಿಯನ್ನು ತಾವೇ ಹೆಸರಿಸಬಹುದು. ಆ ವ್ಯಕ್ತಿ ಹೊರಗಿನ ಕೋಣೆಯಲ್ಲಿರಲಿ.

ಮುಗಿದ ಮೇಲೆ ಬರೆದಿಡಬೇಕು: ಯಾವ ಹೊತ್ತಿಗೆ, ಯಾರು, ಎಲ್ಲಿ ಮುಟ್ಟಿದ್ದು, ಎಷ್ಟು ನಿಮಿಷ, ಯಾರು ಕೇಳಿದ್ದು, ಹೇಗೆ ನಿಂತಿತು. ಮರುದಿನ ‘ಕೈ ಹಿಡಿದದ್ದರಲ್ಲಿ ಬೇಡವಾಗಿದ್ದದ್ದು ಯಾವುದು?’ ಎಂದು ಕೇಳಬೇಕು. ಏನಾದರೂ ಬೇಡವಾಗಿತ್ತೇ ಎಂದರೆ ನಮ್ಮವರು ಇಲ್ಲವೆಂದೇ ಹೇಳುತ್ತಾರೆ, ಅದಕ್ಕೇ ಹಾಗೆ ಕೇಳುವುದು. ಕೈ ಹಿಡಿದವರಲ್ಲದೆ ಬೇರೆಯವರು ಕೇಳಿದರೆ ಇನ್ನೂ ಒಳ್ಳೆಯದು.

ಊರಿಗೆ ಮರಳುವ ದಾರಿ ಉಳಿಯಿತು. ಕೆಟಮಿನ್ ಪಡೆದ ದಿನವೇ ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಡಿ. ತಿರುವಿಗೆ ತಿರುವಿಗೆ ವಾಂತಿಯಾಗುತ್ತದೆ. ಆ ರಾತ್ರಿ ಅಲ್ಲೇ ಉಳಿಯಿರಿ, ರೋಗಿ ಮರುದಿನದವರೆಗೆ ಗಾಡಿ ಓಡಿಸುವುದು ಬೇಡ. ಮನೆಗೆ ಬಂದ ಮೇಲೆ ನೆಂಟರೆಲ್ಲ ಸೇರಿ ಬೆನ್ನು ಸವರಿ, ದೃಷ್ಟಿ ತೆಗೆದು, ‘ಎಂತ ಕಂಡೆ’ ಎಂದು ಕೇಳುವುದನ್ನು ಮನೆಯ ಒಬ್ಬರು ತಡೆಯಬೇಕಾಗುತ್ತದೆ. ರೋಗಿ ತಾವಾಗಿ ಪಕ್ಕಕ್ಕೆ ಬಂದು ಕೂತರೆ ಜಾಗ ಕೊಡಿ. ದಿನಗಳು ಕಳೆದಂತೆ ಮನಸ್ಸು ಮತ್ತೆ ಕುಸಿದರೆ, ಸಾಯುವ ಮಾತು ಬಂದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬ್ಯಾಡಿ. ಕೂಡಲೇ ಚಿಕಿತ್ಸೆ ಕೊಟ್ಟ ವೈದ್ಯರಿಗೆ ತಿಳಿಸಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.